ಎಲ್ಲಿಂದ ಬಂತು ಎಂದು ಕೇಳುವ ಪುಟ

ಫಿರದೋಸ್ ಬರೆದ ಆ ಪುಟದ ಮಾತು ಬಂದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಬೈಲಹೊಂಗಲದಲ್ಲಿ ಅಮೋಘಸಿದ್ದಪ್ಪ ನಡೆಸುತ್ತಿದ್ದ ಸಣ್ಣ ಸಾಫ್ಟ್‌ವೇರ್ ಕಚೇರಿಯಲ್ಲಿ 2007ರಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು. ಅವಳು ಲಾರಿ ಡ್ರೈವರ್ ಹಜರತಸಾಬರ ಮಗಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವಳು, ಗೊತ್ತಿದ್ದದ್ದನ್ನು ಯಾರ ಮುಲಾಜಿಗೂ ನುಂಗಿಕೊಳ್ಳಳು. ವೆಬ್‌ಸೈಟ್ ಕಟ್ಟಲು ನಾವು ಬಳಸುತ್ತಿದ್ದ ಸಾಫ್ಟ್‌ವೇರ್ ಚೌಕಟ್ಟಿನ ಸೆಟ್ಟಿಂಗ್‌ಗಳು ಹತ್ತಾರು ಫೈಲುಗಳಲ್ಲಿ ಚೆಲ್ಲಿದ್ದವು. ಸಾಫ್ಟ್‌ವೇರ್ ಅವನ್ನು ಓದುವುದು ಶುರುವಾಗುವಾಗ ಒಮ್ಮೆ ಮಾತ್ರ. ಆಮೇಲೆ ಯಾರಾದರೂ ಫೈಲ್ ಬದಲಿಸಿದರೂ ಅದು ಹಳೆಯದರ ಮೇಲೆಯೇ ಓಡುತ್ತಿರುತ್ತದೆ. ಅದಕ್ಕೇ ಓಡುತ್ತಿರುವ ಸಾಫ್ಟ್‌ವೇರನ್ನೇ ಕೇಳುವ ಒಂದು ಕಮಾಂಡ್ ಇತ್ತು: ಈಗ ಯಾವ ಸೆಟ್ಟಿಂಗ್ ನಡೆದಿದೆ, ಅದು ಯಾವ ಫೈಲಿನಿಂದ ಬಂತು? ಅದನ್ನು ಬಳಸುವ ಬಗೆಯನ್ನು ಫಿರದೋಸ್ ಗಿರಾಕಿಗಳಿಗೆ ಕೊಡುವ ಕೈಪಿಡಿಯಲ್ಲಿ ಒಂದು ಪುಟವಾಗಿ ಬರೆಯಲು ಕುಳಿತಳು.

"ಇದನ್ನ ಯಾರ ಓದ್ತಾರವಾ? ನಾ ಅಂತೂ ಓದಂಗಿಲ್ಲ," ಎಂದ ಅಮೋಘಸಿದ್ದಪ್ಪ. ಆ ಮಹಾನುಭಾವ ನಿಜಕ್ಕೂ ಏನನ್ನೂ ಓದುತ್ತಿರಲಿಲ್ಲ.

ಯರಗಟ್ಟಿಯ ಒಂದು ದಲಾಲಿ ಅಂಗಡಿಯಲ್ಲಿ ನಮ್ಮ ಸಾಫ್ಟ್‌ವೇರ್ ಇತ್ತು. ಖರೀದಿದಾರರು ಮಧ್ಯಾಹ್ನ ಎರಡರವರೆಗೆ ಅದರಲ್ಲಿ ಹತ್ತಿಗೆ ದರ ಹಾಕುತ್ತಿದ್ದರು. ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವನು ಮಾಳಪ್ಪ. ತಿಂಗಳುಗಟ್ಟಲೆ ಆರದೆ ಓಡಿದ್ದ ಯಂತ್ರವನ್ನು ದಸರೆಯಲ್ಲಿ ಆಯುಧಗಳನ್ನು ಪೂಜಿಸುವ ಖಂಡೆ ಪೂಜೆಯ ದಿನ ಅವನು ಬಂದ್ ಮಾಡಿ, ವಿಭೂತಿ ಹಚ್ಚಿ, ಹೂವು ಏರಿಸಿದ. ಹಬ್ಬ ಮುಗಿಸಿ ಚಾಲೂ ಮಾಡಿದರೆ ದರ ಹಾಕುವ ಟೆಂಡರ್ ಒಂದು ಗಂಟೆಗೇ ಮುಚ್ಚಿಕೊಂಡಿತು. ದೊಡ್ಡ ಖರೀದಿದಾರರ ದರ ಬರಲೇ ಇಲ್ಲ. ಹತ್ತಿಯ ಬೆಲೆ ಬಿತ್ತೆಂದು ರೈತರು ಅಂಗಡಿಗೆ ನುಗ್ಗಿದರು.

ನಾವು ಹೋಗಿ ಇಳಿಯುವಷ್ಟರಲ್ಲೇ ಅಮೋಘಸಿದ್ದಪ್ಪ ದಲಾಲರಿಗೆ ತೀರ್ಪು ಕೊಟ್ಟುಬಿಟ್ಟ: "ಈ ಮಾಳ್ಯಾನ ಕೈ ಆಡಿಸ್ಯಾನ್ರಿ. ಇವನ್ನ ಮೊದಲ ಮನಿಗೆ ಕಳಸ್ರಿ."

"ದೇವರಾಣಿ ರೀ, ಪೂಜಾ ಬಿಟ್ರ ನಾ ಏನೂ ಮಾಡಿಲ್ರಿ," ಎಂದ ಮಾಳಪ್ಪ.

ಫಿರದೋಸ್ ಕುರ್ಚಿ ಎಳೆದುಕೊಂಡು ಆ ಕಮಾಂಡ್ ಕೊಟ್ಟಳು. ಪರದೆಯ ಮೇಲೆ ಬಂತು: ಮುಚ್ಚುವ ಸಮಯ ಒಂದು ಗಂಟೆ, ಬಂದದ್ದು ರಾಮದುರ್ಗ ಡೆಮೊ ಫೈಲಿನಿಂದ. ಶ್ರಾವಣದಲ್ಲಿ ರಾಮದುರ್ಗದ ಗಿರಾಕಿಯೊಬ್ಬನಿಗೆ ತೋರಿಸಲೆಂದು ಅಮೋಘಸಿದ್ದಪ್ಪನೇ ಇದೇ ಯಂತ್ರದಲ್ಲಿ ಆ ಫೈಲ್ ಇಟ್ಟಿದ್ದ. ಗಿರಾಕಿ ಬರಲಿಲ್ಲ, ಫೈಲ್ ಅಲ್ಲೇ ಉಳಿಯಿತು. ಪೂಜೆಗೆ ಆರಿದ ಯಂತ್ರ ಮತ್ತೆ ಶುರುವಾದಾಗ ಅದನ್ನು ಓದಿತ್ತು, ಅಷ್ಟೆ.

"ಈ ಫೈಲ್ ಇಟ್ಟಾವರು ಯಾರ್ರಿ ಸರ? ಮಾಳಪ್ಪ ಏನ್ರಿ?" ಎಂದು ಎಲ್ಲರೆದುರೇ ಕೇಳಿದಳು.

ಮಾಳಪ್ಪನ ಕೆಲಸ ಉಳಿಯಿತು. ಅವಳದು ವಾರದೊಳಗೆ ಹೋಯಿತು. "ಆಫೀಸ್‌ನ್ಯಾಗ ಶಿಸ್ತು ಬೇಕಲ್ಲ, ಅದಕ್ಕ ತೆಗದೇನಿ," ಎಂದ ಅಮೋಘಸಿದ್ದಪ್ಪ. ಕಳ್ಳನಿಗೊಂದು ಪಿಳ್ಳೆ ನೆವ. ಅಷ್ಟಕ್ಕೇ ಬಿಡದೆ, ಕೈಪಿಡಿಯ ಮೇಲಿದ್ದ ಅವಳ ಹೆಸರು ಅಳಿಸಿ ತನ್ನದನ್ನು ದಪ್ಪಕ್ಷರದಲ್ಲಿ ಹಾಕಿ, ಕಿತ್ತೂರು, ಸವದತ್ತಿಯ ಗಿರಾಕಿಗಳಿಗೆಲ್ಲ ಹಂಚಿದ. ನಾಚಿಕೆಗೆಟ್ಟವನು.

ಹಂಚುವ ಮೊದಲು ಎಂದಿನಂತೆ ಓದಲಿಲ್ಲ. ಫಿರದೋಸ್ ಆ ಪುಟವನ್ನು ಮುಗಿಸಿಟ್ಟೇ ಹೋಗಿದ್ದಳು. ಕಮಾಂಡ್ ಕೊಟ್ಟರೆ ಉತ್ತರ ಹೇಗೆ ಬರುತ್ತದೆ ಎಂಬುದಕ್ಕೆ ಅಲ್ಲೊಂದು ಉದಾಹರಣೆ ಇದೆ: ಮುಚ್ಚುವ ಸಮಯ ಒಂದು ಗಂಟೆ, ಬಂದದ್ದು ರಾಮದುರ್ಗ ಡೆಮೊ ಫೈಲಿನಿಂದ. ಕೆಳಗೆ ಒಂದೇ ಸಾಲಿನ ವಿವರಣೆ: ಈ ಫೈಲನ್ನು ಇಟ್ಟು ಮರೆತವರು ಅಮೋಘಸಿದ್ದಪ್ಪ.