ಉಮ್ಮನ ಹೆಸರಿನಲ್ಲಿ ತೆಗೆಸಿದ ಫೋಟೋ

ಅಜ್ಜಿ ಕೆಮ್ಮು ಬಂದಾಗ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಅರುವತ್ತರ ದಶಕದ ಮೊದಲ ವರ್ಷಗಳು. ಜೆಪ್ಪುವಿನ ನಮ್ಮ ಜಗಲಿಯಲ್ಲಿ ಏಳೆಂಟು ಹೆಂಗಸರು ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನನಗೆ ಹದಿನೆಂಟು. ತಾಯಿಯಿಲ್ಲದ ನನಗೆ ಬಜಪೆಯ ಕಡೆಯಿಂದ ಒಂದು ಸಂಬಂಧ ಕುದುರಿತ್ತು. ಕ್ಷಯ ಎಂಬ ಮಾತು ಎದ್ದ ಮನೆಯಿಂದ ಯಾರೂ ಹೆಣ್ಣು ತರುತ್ತಿರಲಿಲ್ಲ. ಅಜ್ಜಿ ಒಮ್ಮೆ ಕೆಮ್ಮಿದರೂ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಆಗಲೇ ಕ್ಷಯ ಪತ್ತೆಗೆಂದು ಎದೆಯ ಎಕ್ಸ್‌ರೇ ಫೋಟೋ ತೆಗೆಯುವ ಸರಕಾರಿ ವ್ಯಾನು ಶಾಲೆಯ ಮೈದಾನಕ್ಕೆ ಬಂತು. ಕೆಮ್ಮು ಇರಲಿ ಇಲ್ಲದಿರಲಿ, ಪ್ರಾಯ ಆದವರೆಲ್ಲ ಬರಬೇಕೆಂದು ಮನೆಮನೆಗೆ ಹೆಸರು ಬರೆದ ಚೀಟಿ ಕೊಟ್ಟರು. ಜಗಲಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಹೋದವಳಿಗೆ ರೋಗ ಉಂಟೆಂದೇ ಅರ್ಥ. ಯಾರೂ ಏಳಲಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ, ನಮ್ಮೊಡನೆ ಬೀಡಿ ಕಟ್ಟುತ್ತಿದ್ದ ಪಕ್ಕದ ಮನೆಯ ಬ್ಯಾರಿ ಹೆಂಗಸು ಹಿತ್ತಿಲ ಬಾಗಿಲಿಗೆ ಬಂದರು. ಅವರನ್ನು ಎಲ್ಲರೂ ಉಮ್ಮ ಎಂದೇ ಕರೆಯುತ್ತಿದ್ದರು.

“ಅಕ್ಕ, ನೀವು ಹೋಗಿ ಬನ್ನಿ. ಈ ಕೆಮ್ಮು ಒಳ್ಳೇದಲ್ಲ.”

“ಹುಡುಕಿದ್ರೆ ಎಂತಾದ್ರೂ ಸಿಗ್ತದೆ ಮಾರಾಯ್ತಿ. ಸಿಕ್ಕಿದ್ರೆ ಈ ಹುಡುಗಿಯ ಗತಿ ಎಂತ?”

“ನನ್ನ ಚೀಟಿ ಉಂಟಲ್ಲ. ನನ್ನ ಬುರ್ಖಾ ಹಾಕಿ, ನನ್ನ ಹೆಸರು ಹೇಳಿ. ಯಾರಿಗೆ ಗೊತ್ತಾಗ್ತದೆ?”

ಬೇಡ ಎನ್ನಬೇಕಿತ್ತು ನಾನು. ಎನ್ನಲಿಲ್ಲ. ಮರುದಿನ ಬೆಳಿಗ್ಗೆ ಅಜ್ಜಿಗೆ ಬುರ್ಖಾ ತೊಡಿಸಿದವಳೇ ನಾನು. ಉಮ್ಮ ಬಾಗಿಲು ಹಾಕಿಕೊಂಡು ತಮ್ಮ ಮನೆಯೊಳಗೆ ಕೂತರು. ಅಜ್ಜಿ ಮೆಟ್ಟಿಲು ಇಳಿಯುವಾಗಲೇ ಎರಡು ಸಲ ಎಡವಿದಳು. ಆ ಹೆದರಿಕೆಯಲ್ಲೂ ನನಗೆ ನಗು ಬಂತು.

ಹದಿನೈದು ದಿನ ಕಳೆದಿರಬೇಕು. ಜಗಲಿ ತುಂಬ ಹೆಂಗಸರಿರುವಾಗ ನರ್ಸಮ್ಮ ಬಂದು ಕಾಗದ ನೋಡಿ ಉಮ್ಮನ ಹೆಸರು ಕೂಗಿದರು. “ಫೋಟೋದಲ್ಲಿ ಕಲೆ ಉಂಟು. ಕಫ ಪರೀಕ್ಷೆ ಆಗ್ಬೇಕು. ನಾಳೆಯೇ ಆಸ್ಪತ್ರೆಗೆ ಬನ್ನಿ.”

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಉಮ್ಮ ನಮ್ಮ ಕಡೆ ತಿರುಗಿಯೂ ನೋಡದೆ ಮೊರ ಕೆಳಗಿಟ್ಟರು.

“ನಾನೇ. ಬರ್ತೇನೆ.”

ಆಸ್ಪತ್ರೆಗೆ ಹೋದದ್ದು ಅದೇ ಬುರ್ಖಾದಲ್ಲಿ ಅಜ್ಜಿ. ಕ್ಷಯವೇ ಆಗಿತ್ತು. ಇಂಜೆಕ್ಷನ್, ಮಾತ್ರೆ ಎಂದು ಉಮ್ಮನ ಹೆಸರಿನಲ್ಲೇ ಒಂದೂವರೆ ವರ್ಷ ಮದ್ದು ನಡೆಯಿತು, ಬದುಕಿದಳು. ರೋಗದ ಹೆಸರು ಹತ್ತಿದ್ದು ಮಾತ್ರ ಉಮ್ಮನಿಗೆ. ಅವರು ಕೂರುತ್ತಿದ್ದ ಜಾಗವನ್ನು ಯಾರೋ ಸೆಗಣಿ ಹಾಕಿ ಸಾರಿಸಿದರು. ಅವರಿಂದ ದೂರ ಸರಿದ ಹೆಂಗಸರು ಬಂದು ಕೂತದ್ದು ಅಜ್ಜಿಯ ಮಗ್ಗುಲಿಗೇ! ಅವರಲ್ಲಿ ಯಾರಾದರೂ ಗಂಟಲು ಸರಿಮಾಡಿಕೊಂಡರೂ ಅಜ್ಜಿಯಿಂದಲೇ ಹತ್ತಿತೋ ಎಂದು ಹೆದರುತ್ತಿದ್ದೆ.

“ಉಮ್ಮನ ಹತ್ರ ಹೋಗ್ಬೇಡ. ಮದುವೆ ಆಗುವ ಹುಡುಗಿ ನೀನು,” ಎಂದು ನನಗೇ ಬುದ್ಧಿ ಹೇಳಿದರು. ಹೂಂ ಎಂದೆ. ನನ್ನ ಹೂಂಗೆ ಬೆಂಕಿ ಬೀಳಲಿ.

ಮದ್ದು ನಡೆಯುತ್ತಿರುವಾಗಲೇ ಮದುವೆಯ ದಿನ ಗೊತ್ತಾಯಿತು. ಅಜ್ಜಿ ನನ್ನನ್ನು ಉಮ್ಮನ ಮನೆಗೆ ಅಟ್ಟಿದಳು. “ನೀನೇ ಹೋಗಿ ಕರಿ. ನನಗೆ ಅವಳ ಮುಖ ನೋಡ್ಲಿಕ್ಕೆ ಆಗುದಿಲ್ಲ.”

ನಾನು ಬಾಯಿ ತೆರೆಯುವ ಮೊದಲೇ ಉಮ್ಮ ನನ್ನ ತಲೆ ನೇವರಿಸಿದರು.

“ನಾನು ಬರುದಿಲ್ಲ ಮಗಾ. ನಾನು ಬಂದ್ರೆ ಜನ ಊಟ ಬಿಟ್ಟು ಏಳ್ತಾರೆ.”

ಇಲ್ಲ, ನೀವು ಬರಲೇಬೇಕು ಎನ್ನಲಿಕ್ಕೆ ನನಗೆ ನಾಲಿಗೆ ಇತ್ತು. ಆದರೆ ಅವರು ಬರುವುದಿಲ್ಲ ಎಂದೊಡನೆ ನನಗೆ ಆದದ್ದು ದೊಡ್ಡ ಸಮಾಧಾನ. ಅದು ಉಮ್ಮನಿಗೆ ನನ್ನ ಮುಖದಲ್ಲಿ ಕಂಡಿತು.