ಗೀರಿನ ಹೊರಗೆ ಒಂದು ನೂಲು

ಹೋದ ತಿಂಗಳು ಬಂಡಳ್ಳಿಯ ಹುಡುಗಿಯೊಬ್ಬಳು ಹರಿದ ರೈನ್‌ಕೋಟು ತಂದು ನನ್ನ ಟೇಬಲ್ಲಿನ ಮೇಲೆ ಹಾಕಿದಳು. ನಾನು ಅಂಥ ಬಟ್ಟೆ ಮುಟ್ಟುವುದಿಲ್ಲ ಅಂತ ಬೀದಿಗೆಲ್ಲ ಗೊತ್ತು. ಬ್ಲೌಸು, ಲಂಗ, ಸೀರೆಗೆ ಫಾಲ್ಸು, ಪೀಕೋ, ಅಷ್ಟೇ ನನ್ನ ಕಸುಬು. ಆದರೆ ಅವಳು ಅಳುಮುಖ ಮಾಡಿಕೊಂಡು ನಿಂತುಬಿಟ್ಟಳು, ಕಾಲೇಜಿಗೆ ನೆನೆದುಕೊಂಡು ಹೋಗಬೇಕಂತೆ. ಆಯಿತು ತಾಯಿ, ಕೊಡು ಅಂದೆ. ನಾಲ್ಕು ಗೇಣು ಹೊಲಿಯುವಷ್ಟರಲ್ಲಿ ಸೂಜಿ ಕಾದು, ಪ್ಲಾಸ್ಟಿಕ್ಕು ಕರಗಿದಂಥ ಒಂದು ಕಮಟು ವಾಸನೆ ಎದ್ದಿತು. ಪೆಡಲಿನ ಮೇಲಿದ್ದ ನನ್ನ ಕಾಲು ಹಾಗೇ ನಿಂತಿತು...

ಆ ವಾಸನೆ ನನ್ನ ಅಂಗಡಿಯಲ್ಲಿ ಒಂಬತ್ತು ದಿನ ತುಂಬಿಕೊಂಡಿದ್ದ ಒಂದು ಕಾಲವಿತ್ತು. ಎದುರುಮನೆಯ ನೇವಿ ಸಾರ್ ಅವರ ಹಾಯಿಪಟ ಹೊಲಿಯುತ್ತಿದ್ದ ಕಾಲ.

ಅವರು ಯಳಂದೂರು ಕಡೆಯವರು. ಮೀಸೆ ಮೂಡುವ ವಯಸ್ಸಿಗೇ ನೌಕಾಪಡೆ ಸೇರಿ, ಊರೂರು ಅಲೆದು, ಮದುವೆಯೂ ಇಲ್ಲದೆ ಮುದುಕರಾಗಿ ಬಂದು, ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಗಂಡ ಸತ್ತ ಅಕ್ಕನ ಜೊತೆ ಇದ್ದರು. ಅಷ್ಟು ಸಮುದ್ರ ಸುತ್ತಿದ್ದರೂ ನಾಲಗೆಯಲ್ಲಿ ಯಳಂದೂರು ಒಂದಿಷ್ಟೂ ಮಾಸಿರಲಿಲ್ಲ. ಅವರಿಗೆ ಒಂದೇ ಒಂದು ಹೆಮ್ಮೆ, ಅವರ ಕಣ್ಣು. ಹಾಯಿಯ ಕೆಳಗೆ ಮಲಗಿ ಒಂದು ಸಲ ಮೇಲೆ ನೋಡಿದರೆ ಸಾಕು, ಗಾಳಿ ಎಲ್ಲಿ ಕೂತಿದೆ, ಎಲ್ಲಿ ಸೋರಿಹೋಗುತ್ತಿದೆ ಅಂತ ಹೇಳಿಬಿಡುತ್ತಿದ್ದರಂತೆ. ಪಂದ್ಯಕ್ಕೆ ದೋಣಿ ಇಳಿಸುವ ದೊಡ್ಡ ಆಫೀಸರುಗಳೂ ಇವರನ್ನು ಕರೆಸಿ ಹಾಯಿ ತೋರಿಸುತ್ತಿದ್ದರಂತೆ. ಇದನ್ನೆಲ್ಲ ಅವರ ಅಕ್ಕ ಬೀದಿಯ ನಲ್ಲಿಯ ಹತ್ತಿರ ನಮಗೆ ಹೇಳುತ್ತಿದ್ದರು. ನಾವು ಹೆಂಗಸರು ಅವರ ಎದುರಿಗೆ ಹೂಂಗುಟ್ಟಿ ಹಿಂದಿನಿಂದ ನಗುತ್ತಿದ್ದೆವು, ಕೊಳ್ಳೇಗಾಲದಲ್ಲಿ ಹಾಯಿ ನೋಡುವ ಕಣ್ಣು ಇಟ್ಟುಕೊಂಡು ಏನು ಮಾಡುವುದು ಅಂತ.

ಒಂದು ದಿನ ಅವರು ಶವದಷ್ಟು ಉದ್ದದ ಒಂದು ಗಂಟು ಹೊತ್ತುಕೊಂಡು ಅಂಗಡಿಗೆ ಬಂದರು.

"ನಿನ್ ಜಿಗ್‌ಜಾಗ್ ಮಿಷನ್ನು ಈ ಬಟ್ಟೆ ತಿಂದದಾ ನೋಡವ್ವ."

"ಇದೇನ್ ಸಾ, ಶಾಮಿಯಾನಾ ಬಿಚ್ಕಂಡ್ ಬಂದ್ರಾ?"

"ದೋಣಿ ಪಟ ಕಣವ್ವ" ಅಂದರು, ನಗದೆ.

ಮದ್ರಾಸಿನಲ್ಲಿ ಯಾರೋ ಮೂಲೆಗೆ ಎಸೆದಿದ್ದ ಹಳೇ ಪಂದ್ಯದ ದೋಣಿಯನ್ನು ಲಾರಿಯಲ್ಲಿ ತರಿಸಿ ಗುಂಡಾಲ್ ಡ್ಯಾಮಿನ ದಡದಲ್ಲಿ ಇಳಿಸಿದ್ದರು. ಅದು ಒಂದು ದೋಣಿಯಲ್ಲ. ಕಿರಿದಾದ ಎರಡು ದೋಣಿಗಳನ್ನು ಪಕ್ಕಪಕ್ಕ ಇಟ್ಟು ನಡುವೆ ನವಾರದ ಮಂಚ ಬಿಗಿದ ಹಾಗಿತ್ತು. ಕ್ಯಾಟಮರಾನ್ ಅಂತ ಅದರ ಹೆಸರು. ಆಷಾಢದ ಗಾಳಿಯಲ್ಲಿ ಒಂದು ಸಲ ಅದನ್ನು ಒಬ್ಬರೇ ಓಡಿಸಬೇಕು, ಈ ಕಣ್ಣಿಗೆ ಇನ್ನೂ ಕಸುವಿದೆಯಾ ನೋಡಿಕೊಳ್ಳಬೇಕು ಅನ್ನುವುದೇ ಅವರ ಆಸೆ. ಆಮೇಲೆ ಸತ್ತರೂ ಪರವಾಗಿಲ್ಲ ಅನ್ನುತ್ತಿದ್ದರು. ಬಿಡ್ತು ಅನ್ನಿ ಸಾ ಅಂತ ನಾನು ಬೈಯುತ್ತಿದ್ದೆ.

ಪಟಕ್ಕೆ ವಯಸ್ಸಾಗಿತ್ತು. ಗಾಳಿ ತುಂಬಿದಾಗ ಅದಕ್ಕೊಂದು ಹೊಟ್ಟೆ ಬರುತ್ತದೆ. ಆ ಹೊಟ್ಟೆ ಪಟ ಏರಿಸುವ ಕಂಬದ ಹತ್ತಿರ, ಮುಂದುಗಡೆ ಇರಬೇಕು. ಬಟ್ಟೆ ಹಿಗ್ಗಿ ಹಿಗ್ಗಿ ಹೊಟ್ಟೆ ಹಿಂದಕ್ಕೆ ಜಾರಿಬಿಟ್ಟಿತ್ತು. ಹಾಗಾದರೆ ಗಾಳಿ ದೋಣಿಯನ್ನು ಮುಂದೆ ಎಳೆಯುವ ಬದಲು ಪಕ್ಕಕ್ಕೆ ತಳ್ಳಿ, ಮೂತಿಯನ್ನು ನೀರಿಗೆ ಅದುಮುತ್ತದೆ. ನನಗೆ ಇದು ಮೊದಲು ತಲೆಗೇ ಹತ್ತಲಿಲ್ಲ. ಅವರು ಗೋಡೆಗೆ ತೂಗುಹಾಕಿದ್ದ ಬ್ಲೌಸು ತೋರಿಸಿ, "ಚಪ್ಪಟೆ ಬಟ್ಟೆಗೆ ಆಕಾರ ಎಂಗೆ ಬರುಸ್ತೀಯೆ?" ಅಂದರು.

"ಟಕ್ಸ್ ಹಿಡೀತೀನಿ ಸಾ."

"ಪಟಕ್ಕೂ ಅಷ್ಟೇಯ. ಇನ್ನೇನಿಲ್ಲ."

ಅಯ್ಯೋ, ಇಷ್ಟೇನಾ ಅನ್ನಿಸಿತು! ಆ ಕ್ಷಣಕ್ಕೆ ಸಮುದ್ರವೇ ನನ್ನ ಅಂಗೈಗೆ ಬಂದ ಹಾಗಾಯಿತು.

ಅವರ ತಾರಸಿಯನ್ನು ಗುಡಿಸಿ ಪಟ ಹಾಸಿದೆವು. ಒಂಬತ್ತು ಕಡೆ ತುಂಡಿಗೆ ತುಂಡು ಕೂಡಿಸಿದ ಹೊಲಿಗೆ ಇತ್ತು. ಒಂದೊಂದರ ಹಿಂಬದಿಯಲ್ಲೂ ಎಷ್ಟು ಒಳಗೆ ಹಿಡಿಯಬೇಕು ಅಂತ ಅವರು ನೀಲಿ ಚಾಕ್‌ಪೀಸಿನಲ್ಲಿ ಬಾಗಿದ ಗೀರು ಎಳೆದರು. ಒಂದು ಗೀರಿಗೆ ಅರ್ಧ ಗಂಟೆ. ಮಂಡಿಯೂರಿ, ಕೆನ್ನೆ ನೆಲಕ್ಕೆ ಹಚ್ಚಿ, ಒಂದು ಕಣ್ಣು ಮುಚ್ಚಿ ನೋಡುವುದು, ಅಳಿಸುವುದು, ಮತ್ತೆ ಎಳೆಯುವುದು. ಅಕ್ಕ ಕೆಳಗಿನಿಂದ ಊಟಕ್ಕೆ ಕರೆದು ಕರೆದು ಸಾಕಾಗಿ, "ಪಟಾನೇ ಉಂಡ್ಕೊ ಓಗು" ಅಂತ ಬಾಗಿಲು ಹಾಕಿಕೊಂಡರು.

ಕೊನೆಗೆ ಅವರು ನನಗೆ ಹೇಳಿದ್ದು ಒಂದೇ ಮಾತು. "ಗೀರಿನ ಮ್ಯಾಲೇ ಒಲೀಬೇಕು ಕಣವ್ವ. ಒಳಕ್ಕೂ ಬ್ಯಾಡ, ವೊರಕ್ಕೂ ಬ್ಯಾಡ. ತಪ್ಪುದ್ರೆ ಬಿಚ್ಚೋ ಅಂಗಿಲ್ಲ, ಅಳೇ ಬಟ್ಟೆ, ಸೂಜಿ ತೂತು ಅಂಗೇ ಉಳ್ಕತದೆ."

ಆಗಲಿ ಸಾ ಅಂದೆ. ಆದರೆ ನನ್ನ ಕೈ ಇದೆಯಲ್ಲ, ಅದು ಹದಿನೈದು ವರ್ಷ ಬ್ಲೌಸು ಹೊಲಿದ ಕೈ. ನನಗೆ ಕಸುಬು ಕಲಿಸಿದ ಹನೂರಿನ ಚಿಕ್ಕಮ್ಮ ಮೊದಲ ದಿನವೇ ಹೇಳಿಕೊಟ್ಟಿದ್ದರು, ಗೀರಿನ ಹೊರಗೆ ಒಂದು ನೂಲು ಬಿಟ್ಟೇ ಹೊಲಿ, ಹೆಂಗಸಿನ ಮೈ ಇವತ್ತು ಇದ್ದ ಹಾಗೆ ನಾಳೆ ಇರಲ್ಲ, ಸಡಿಲವಾದರೆ ಹಿಡಿಯಬಹುದು, ಬಿಗಿಯಾದರೆ ಬೈಗುಳ ಅಂತ. ನೂಲು ಅಂದರೆ ಇಂಚಿನಲ್ಲಿ ಎಂಟನೇ ಒಂದು ಪಾಲು. ಅದು ನನಗೆ ಅಭ್ಯಾಸವಲ್ಲ, ಉಸಿರಾಟ. ನಾಲ್ಕನೇ ಹೊಲಿಗೆಗೆ ಬಂದಾಗ ಬಗ್ಗಿ ನೋಡಿದೆ. ನೀಲಿ ಗೀರು ಹೊಲಿಗೆಯ ಪಕ್ಕದಲ್ಲಿ ಹಾಗೇ ಕಾಣುತ್ತಿತ್ತು! ಹಿಂದಿನ ಮೂರೂ ತಿರುಗಿಸಿ ನೋಡಿದರೆ ಅವೂ ಅಷ್ಟೇ. ಬಿಚ್ಚುವ ಹಾಗಿಲ್ಲ. ಉಳಿದವನ್ನಾದರೂ ಸರಿಯಾಗಿ ಹೊಲಿದರೆ ಮೇಲೊಂದು ಥರ ಕೆಳಗೊಂದು ಥರ ಆಗಿ ತಪ್ಪು ಎದ್ದು ಕಾಣುತ್ತದೆ. ಒಂದು ನೂಲು ತಾನೇ ಅಂತ ಒಂಬತ್ತನ್ನೂ ಒಂದೇ ಸಮ, ಹೊರಗೇ ಹೊಲಿದೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ನೀಲಿ ಗೀರುಗಳನ್ನು ಒರೆಸಿದೆ.

ಹೌದು, ಒರೆಸಿದೆ. ಇದನ್ನು ಮರೆತು ಬಿಟ್ಟೆ ಅಂತ ಬರೆಯಬಹುದಿತ್ತು, ಆದರೆ ಮರೆತಿರಲಿಲ್ಲ. ಒಂಬತ್ತು ನೂಲು ಕೂಡಿದರೆ ಒಂದಿಂಚಿಗೂ ಮೇಲೆ ಸಡಿಲ ಉಳಿಯುತ್ತದೆ ಅನ್ನುವ ಲೆಕ್ಕವೂ ನನಗೆ ಬರುತ್ತಿತ್ತು.

ಆಷಾಢದ ಒಂದು ಬೆಳಿಗ್ಗೆ ಅಕ್ಕನೂ ನಾನೂ ಅವರ ಜೊತೆ ಗುಂಡಾಲಿಗೆ ಹೋದೆವು. ಬೆಟ್ಟದ ಕಡೆಯಿಂದ ಗಾಳಿ ಎದ್ದು, ಸೆರಗು ಹಿಡಿದುಕೊಳ್ಳುವುದೇ ಒಂದು ಕೆಲಸವಾಗಿತ್ತು. ಹೂಗ್ಯಂ ಕಡೆಯಿಂದ ಬಂದು ಅಲ್ಲಿ ಮೀನು ಹಿಡಿಯುತ್ತಿದ್ದ ಮುದುಕನೊಬ್ಬ ಹರಿಗೋಲು ದಡಕ್ಕೆ ಎಳೆದು ಕೂತಿದ್ದ. "ಇವತ್ತು ಕಾತ್ತು ಜಾಸ್ತಿ ಅದೆ ಸಾರ್, ವೇಣಾಂ" ಅಂತ ಅರ್ಧ ತಮಿಳಿನಲ್ಲಿ, ಗಾಳಿ ಜಾಸ್ತಿ, ಬೇಡ ಅಂದ. ಸಾರ್ ಕೇಳಿಸಿಕೊಳ್ಳಲಿಲ್ಲ. ಪಟ ಏರಿಸಿದರು. ಗಾಳಿಯ ದಾರಿ ತಿಳಿಯಲು ಅದಕ್ಕೆ ಅಲ್ಲಲ್ಲಿ ಅಕ್ಕನ ಹಳೇ ಸ್ವೆಟರಿನ ಕೆಂಪು ಉಲ್ಲನ್ ಎಳೆ ಅಂಟಿಸಿದ್ದರು. ಹೊಟ್ಟೆ ಸರಿ ಇದ್ದರೆ ಎಳೆಗಳೆಲ್ಲ ಹಿಂದಕ್ಕೆ ನೆಟ್ಟಗೆ ಹಾರುತ್ತವೆ. ಹಿಂಬದಿಯ ಎಳೆಗಳು ಮಾತ್ರ ಕುಣಿಯುತ್ತಿದ್ದವು.

ಪಟವನ್ನು ಕಂಬದುದ್ದಕ್ಕೂ ಕೆಳಕ್ಕೆ ಜಗ್ಗುವ ಹಗ್ಗವನ್ನು ಅವರು ಬಿಗಿದರು. ಮತ್ತೆ ಬಿಗಿದರು. ಕಂಬ ತಿರುಗಿಸಿದರು. ಮಂಚದ ಮೇಲೆ ಅಂಗಾತ ಮಲಗಿ ಬಹಳ ಹೊತ್ತು ನೋಡಿದರು.

"ಪಟದೊಟ್ಟೆ ಇನ್ನೂ ಇಂದ್ಕೇ ಅದೆಯಲ್ಲವ್ವ..." ಅಂದರು. ಆಮೇಲೆ ತಲೆ ಹೊರಳಿಸಿ ನನ್ನ ಕಡೆ ನೋಡಿದರು. "ಗೀರಿನ ಮ್ಯಾಲೇ ಒಲ್ದಿದ್ದೀಯೆ ಅಲ್ವಾ?"

ಆ ಪ್ರಶ್ನೆಯಲ್ಲಿ ಅನುಮಾನವೇ ಇರಲಿಲ್ಲ. ಅದಕ್ಕೇ ನನಗೆ ಅಷ್ಟು ನಾಚಿಕೆಯಾಯಿತು. ಅಕ್ಕ ಪಕ್ಕದಲ್ಲೇ ನಿಂತಿದ್ದರು, ನಾಳೆ ನಲ್ಲಿಯ ಹತ್ತಿರ ನನ್ನ ಹೊಲಿಗೆಯ ಮಾತು ಬರುತ್ತದೆ ಅನ್ನಿಸಿತು. ಎಂಥ ಹಾಳು ಜಂಬ!

"ಊ ಸಾ. ಗೀರಿನ ಮೇಲೇ."

ಅವರು ಇನ್ನೊಮ್ಮೆ ಮೇಲೆ ನೋಡಿ, ಎರಡೂ ಕಣ್ಣು ಉಜ್ಜಿಕೊಂಡು, "ಅಂಗಾದ್ರೆ ನಂಗೇ ಅಂಗೆ ಕಾಣ್ತಾ ಅದೆ" ಅಂದು ದೋಣಿ ತಳ್ಳಿದರು.

ಮೊದಲು ಚೆನ್ನಾಗಿಯೇ ಓಡಿತು. ಒಂದು ದೋಣಿ ನೀರು ಬಿಟ್ಟು ಮೇಲೆದ್ದು, ಅವರು ಅದರ ಅಂಚಿನಲ್ಲಿ ಹಿಂದಕ್ಕೆ ವಾಲಿ ಕೂತದ್ದನ್ನು ನೋಡಿ ಅಕ್ಕ ಕೈ ತಟ್ಟಿದರು. ನಾನು ದೇವರಿಗೆ ಕೈ ಮುಗಿದೆ, ನನ್ನ ತಪ್ಪು ತಪ್ಪಲ್ಲವಾಗಲಿ ಅಂತ. ಡ್ಯಾಮಿನ ನಡುವೆ ಒಂದು ಗಾಳಿ ಬಂದು ಬಡಿಯಿತು. ಪಟ ಉಬ್ಬಿತು, ಕೆಳಗಿದ್ದ ದೋಣಿಯ ಮೂತಿ ನೀರಿನೊಳಗೆ ಹೋಯಿತು, ಇಡೀ ದೋಣಿ ಹಿಂಬದಿ ಎತ್ತಿ ಪಲ್ಟಿ ಹೊಡೆಯಿತು. ಅಕ್ಕ ಕಿರುಚಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಆ ಹೂಗ್ಯಂ ಮುದುಕ ಹರಿಗೋಲು ಹಾಕಿಕೊಂಡು ಹೋಗಿ ಎಳೆದು ತಂದ. ಹೆಗಲ ಮೂಳೆ ಮುರಿದಿತ್ತು, ಜೀವಕ್ಕೆ ಏನೂ ಆಗಿರಲಿಲ್ಲ. ದಡದಲ್ಲಿ ಮಲಗಿ ನಡುಗುತ್ತಲೇ ಅವರು ನನಗೆ ಹೇಳಿದ್ದೇನು ಗೊತ್ತೆ? "ನಿನ್ ಒಲ್ಗೆ ಒಂದೂ ಬಿಟ್ಟಿಲ್ಲ ಕಣವ್ವ. ಭೇಷ್. ನನ್ ಕಣ್ಣೇ ಓಗದೆ."

ಹೆಗಲು ವಾಸಿಯಾಯಿತು. ಅವರು ವಾಸಿಯಾಗಲಿಲ್ಲ. ದೋಣಿಯನ್ನು ಗುಜರಿಗೆ ಕೊಟ್ಟರು. ಆಮೇಲೆ ಸೈಕಲ್ಲು ಬಿಟ್ಟರು. ಪೇಪರು ಕೈಯಲ್ಲಿ ಹಿಡಿದು, ಓದಿದ್ದು ಸರಿಯಾ ಅಂತ ಅಕ್ಕನನ್ನು ಕೇಳುತ್ತಿದ್ದರು. ಗೋಡೆಯಲ್ಲಿ ಕ್ಯಾಲೆಂಡರು ಸೊಟ್ಟಗಿದೆಯಾ ನೆಟ್ಟಗಿದೆಯಾ ಅಂತ ಕೇಳುತ್ತಿದ್ದರು. ಬೀದಿ ದಾಟಲು ಅಕ್ಕನ ಕೈ ಹಿಡಿಯುತ್ತಿದ್ದರು, ಆ ಕಡೆ ಈ ಕಡೆ ಒಂದು ಗಾಡಿ ಇಲ್ಲದಿದ್ದರೂ. ನನ್ನ ಅಂಗಡಿ ಎದುರಿಗೇ ಅಲ್ಲವೇ, ಎಲ್ಲ ಕಾಣುತ್ತಿತ್ತು. ಮೆಷಿನ್ನಿನಿಂದ ತಲೆ ಎತ್ತಿದರೆ ಅವರು ಜಗುಲಿಯಲ್ಲಿ ಕೂತು ಅಂಗೈಯನ್ನು ಮುಖದ ಮುಂದೆ ಹಿಡಿದು ಹತ್ತಿರ, ದೂರ, ಹತ್ತಿರ ಮಾಡುತ್ತಿರುತ್ತಿದ್ದರು... ನಾನು ತಲೆ ತಗ್ಗಿಸುತ್ತಿದ್ದೆ.

ಹೇಳಿಬಿಡೋಣ ಅಂತ ಎಷ್ಟು ಸಲ ಬೀದಿ ದಾಟಿದೆನೋ. ಒಂದು ಸಲ ಉಪ್ಪಿಟ್ಟು, ಒಂದು ಸಲ ಹಬ್ಬದ ಒಬ್ಬಟ್ಟು, ಕೈಯಲ್ಲಿ ಒಂದು ನೆಪ ಇದ್ದೇ ಇರುತ್ತಿತ್ತು. ಎದುರಿಗೆ ನಿಂತರೆ ಬಾಯಲ್ಲಿ ಬಿಸಿತುಪ್ಪ, ನುಂಗೋಕೂ ಆಗದು, ಉಗುಳೋಕೂ ಆಗದು. "ಬಾ ಕಣವ್ವ, ಕುಂತ್ಕೊ" ಅಂತ ಅವರು ನಗುತ್ತಿದ್ದರು. ನಾಳೆ ಹೇಳಿದರಾಯಿತು ಅಂದುಕೊಂಡು ಪಾತ್ರೆ ತೆಗೆದುಕೊಂಡು ಬರುತ್ತಿದ್ದೆ. ಹೀಗೆ ಮೂರು ವರ್ಷ. ಆಮೇಲೆ ಒಂದು ಮಧ್ಯಾಹ್ನ ಅವರು ಕೂತಲ್ಲೇ ಹೋದರು. ತಿಥಿಯೂಟಕ್ಕೆ ಹೋಗಿ, ಎಲೆಯ ಮುಂದೆ ಕೂತು, ಬಡಿಸಿದ್ದೆಲ್ಲ ತಿಂದು ಬಂದೆ. ಈಗಲೂ ಆ ಊಟ ನೆನೆದರೆ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಹುಡುಗಿಯ ರೈನ್‌ಕೋಟು ಹೊಲಿದು ಕೊಟ್ಟ ಮಾರನೆಯ ದಿನ ಅಂಗಡಿ ಮುಚ್ಚಿ ಯಳಂದೂರಿನ ಬಸ್ಸು ಹತ್ತಿದೆ. ಅಕ್ಕ ಈಗ ಅಲ್ಲಿ ತಂಗಿಯ ಮಗಳ ಮನೆಯಲ್ಲಿದ್ದಾರೆ. ಜಗುಲಿಯಲ್ಲಿ ಹುರುಳಿಕಾಳು ಹಸನು ಮಾಡುತ್ತಾ ಕೂತಿದ್ದರು. ಕಾಫಿ ಕುಡಿಯುವ ಮೊದಲೇ ಎಲ್ಲ ಹೇಳಿದೆ. ಒಂದು ನೂಲು, ಗೀರು ಒರೆಸಿದ್ದು, ದಡದಲ್ಲಿ ಸುಳ್ಳು ಹೇಳಿದ್ದು. ಬೈಯಲಿ, ಮೊರ ಎತ್ತಿ ಹೊಡೆಯಲಿ ಅಂತಲೇ ಹೋಗಿದ್ದೆ.

ಅಕ್ಕ ಮೊರವನ್ನು ಮೆಲ್ಲಗೆ ಕೆಳಗಿಟ್ಟರು.

"ಕಣ್ಣಾಸ್ಪತ್ರೆಗೆ ಕರ್ಕೊಂಡೋಗಿದ್ದೆ ಅವನ್ನ" ಅಂದರು. "ಎಲ್ಡ್ ಕಣ್ಣೂ ಚೆನ್ನಾಗವೆ, ಏನೂ ಆಗಿಲ್ಲ ಅಂದ್ರು ಡಾಕ್ಟ್ರು. ಮನ್ಗೆ ಬಂದು ನಂಗೆ ಅಂದ... ಡಾಕ್ಟ್ರು ಸಮಾಧಾನಕ್ಕೆ ಸುಳ್ಳು ಯೋಳ್ತಾರೆ ಅಕ್ಕ, ಎದುರ್ಮನೆ ಉಡ್ಗಿ ಸುಳ್ಳು ಯೋಳಾಕಿಲ್ಲ ಅಂತ."

ಆಮೇಲೆ ಅವರು ಮೊರ ಎತ್ತಿಕೊಂಡು ಒಳಗೆ ಹೋದರು. ನಾನು ಬಹಳ ಹೊತ್ತು ಜಗುಲಿಯಲ್ಲೇ ಇದ್ದೆ. ಅಕ್ಕ ಹೊರಗೆ ಬರಲಿಲ್ಲ.