ಗುರುವಾರದ ದಿಂಬು

ಲೆಸಿಬಾನಿಗೆ ನಲವತ್ತಮೂರು ವರ್ಷ. ಅದರಲ್ಲಿ ಇಪ್ಪತ್ತೆರಡನ್ನು ಹಾಡುಗಾರರ ಬೆನ್ನು ನೋಡುತ್ತಲೇ ಕಳೆದಿದ್ದ. ಡ್ರಮ್ ಬಾರಿಸುವವನ ಪಾಡೇ ಅಷ್ಟು. ಆ ಬೆನ್ನುಗಳ ಮರೆ ಅವನಿಗೆ ಹಿತವಾಗಿಯೇ ಇತ್ತು, ಸುಳ್ಳೇಕೆ ಹೇಳಬೇಕು. ದಕ್ಷಿಣ ಆಫ್ರಿಕದ ಆ ಮಾಮೆಲೋಡಿ ಕೇರಿಯಲ್ಲಿ ಅವನಷ್ಟು ಪುಕ್ಕಲ ಇನ್ನೊಬ್ಬನಿರಲಿಲ್ಲ. ನಾಯಿ ಕಂಡರೆ ರಸ್ತೆಯ ಆ ಬದಿಗೆ ಹೋಗುವನು, ಹಲ್ಲುನೋವನ್ನು ಆರು ತಿಂಗಳು ಸಹಿಸುವನು.

ಅಂಥವನಿಗೆ ಒಬ್ಬನೇ ಬಾರಿಸುವ ಹುಚ್ಚು ಹಿಡಿಯಿತು. ಜಾಝ್ ಇರಬೇಕು, ಕೂತವರ ಕಾಲು ಕುಣಿಸುವ ಲಯವಿರಬೇಕು, ಪಕ್ಕದಲ್ಲೊಂದು ಯಂತ್ರವೂ ಇರಬೇಕು. ಗುಂಡಿ ಒತ್ತಿದರೆ ತುಂಬಿಟ್ಟ ಸದ್ದು ಮತ್ತೆ ಮತ್ತೆ ಸುತ್ತಿ ಬರುವಂಥದ್ದು. ಒಂದು ವರ್ಷ ಏನು ತುಂಬಿದರೂ ಸಪ್ಪೆಯೇ. ಕೊನೆಗೊಂದು ಗುರುವಾರ ಅವನ ತಾಯಿ ರೈಸಿಬೆಯ ಮನೆಗೆ ಚರ್ಚಿನ ಹೆಂಗಸರು ಕೆಂಪು ರವಿಕೆ, ಬಿಳಿ ಟೋಪಿ ತೊಟ್ಟು ಪ್ರಾರ್ಥನೆಗೆ ಬಂದರು. ಅವರು ಡೋಲು ಮುಟ್ಟುವವರಲ್ಲ. ಪುಟ್ಟ ಚರ್ಮದ ದಿಂಬನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಅಂಗೈಯಿಂದ ಬಡಿಯುವವರು. ಆ ಸದ್ದಿಗೆ ಲೆಸಿಬಾನ ಮೈ ಜುಮ್ಮೆಂದಿತು. ಫೋನನ್ನು ಕಿಟಕಿಯಲ್ಲಿಟ್ಟು ಅದನ್ನು ಕದ್ದು ರೆಕಾರ್ಡ್ ಮಾಡಿಕೊಂಡ.

ಎಡವಿದ್ದು ಅಲ್ಲೇ. ಗುರುವಾರ ಆ ಹೆಂಗಸರು ಎಲ್ಲರೂ ಒಟ್ಟಿಗೇ, ಗಟ್ಟಿಯಾಗಿ, ತಂತಮ್ಮ ಗೋಳನ್ನು ದೇವರ ಮುಂದೆ ತೋಡಿಕೊಳ್ಳುತ್ತಾರೆ. ಕುಡುಕ ಗಂಡನ ಸುದ್ದಿ, ಮುಚ್ಚಿಟ್ಟ ಕಾಯಿಲೆಯ ಸುದ್ದಿ, ಯಾವುದೂ ಆ ಹೊಸಿಲು ದಾಟುವಂತಿಲ್ಲ. ದಾಟಿಸಿದವಳನ್ನು ಮತ್ತೆ ಯಾರೂ ಕರೆಯುವುದಿಲ್ಲ. ಲೆಸಿಬಾ ಹದಿನಾರು ಬಡಿತದಷ್ಟನ್ನು ಕತ್ತರಿಸಿ ಯಂತ್ರಕ್ಕೆ ತುಂಬಿದಾಗ ಅದರ ಅಡಿಯಲ್ಲಿ ಯಾರದ್ದೋ ಗೊಣಗು ಅಂಟಿಕೊಂಡೇ ಬಂತು. ಅದನ್ನು ತೆಗೆದರೆ ಬಡಿತದ ಜೀವವೇ ಹೋಗುತ್ತಿತ್ತು. ಇಯರ್‌ಫೋನಿನಲ್ಲಿ ಎಷ್ಟು ಕೇಳಿದರೂ ಮಾತು ತಿಳಿಯಲಿಲ್ಲ. ತನಗೇ ತಿಳಿಯದ್ದು ಊರಿಗೇನು ತಿಳಿದೀತು ಎಂದು ಸುಮ್ಮನಾದ.

ಮೊದಲ ಕಛೇರಿ ಭಾನುವಾರ ಮಧ್ಯಾಹ್ನ, ಜಾಝ್ ಪ್ರೇಮಿಗಳ ಕ್ಲಬ್ಬಿನ ಅಂಗಳದಲ್ಲಿ. ಕ್ಲಬ್ಬಿನವರೆಲ್ಲ ಟೋಪಿ ಓರೆ ಮಾಡಿ, ಎರಡು ಬಣ್ಣದ ಬೂಟು ಮೆಟ್ಟಿ ಬರುವ ಶೋಕಿ ಮುದುಕರು. ಹಿಡಿಸಿದರೆ ಒಬ್ಬೊಬ್ಬರೇ ಎದ್ದು ಕುಣಿಯುತ್ತಾರೆ, ಹಿಡಿಸದಿದ್ದರೆ ಊಟದ ಕಡೆ ನಡೆಯುತ್ತಾರೆ. ಕಾರ್ಯದರ್ಶಿ ಜೋಸಯಾನನ್ನು ಕೇರಿಯೆಲ್ಲ ಮಾವ ಎಂದೇ ಕರೆಯುವುದು. ಅವನು ಯಂತ್ರವನ್ನು ಸುತ್ತಿ ಬಂದು ನೋಡಿ, "ಇದೇ ಏನೋ ನಿನ್ನ ಬ್ಯಾಂಡು? ಊಟ ಕೇಳೋದಿಲ್ಲ, ಅದೊಂದು ಒಳ್ಳೇದು" ಎಂದ.

ಲೆಸಿಬಾ ನಗಲು ಹೋದವನು ಹಾಗೇ ನಿಂತ. ಗೇಟಿನಲ್ಲಿ ಅವನ ತಾಯಿ, ಹಿಂದೆ ಗುರುವಾರದ ಮೂವರು ಹೆಂಗಸರು. ಬರಬೇಡ ಎಂದು ಅವನು ತಾಯಿಗೆ ಎರಡು ಸಲ ಹೇಳಿದ್ದ. ಕರೆದದ್ದು ಮಾವನಂತೆ. ಅಂಗಳದ ಎರಡೂ ಬದಿಗೆ ಆಳೆತ್ತರದ ಸ್ಪೀಕರುಗಳಿದ್ದವು. ಕಿವಿಯೊಳಗೆ ಗೊಣಗಾಗಿದ್ದದ್ದು ಇಲ್ಲಿ ಮಾತಾಗುತ್ತದೆ ಎಂಬುದು ಅವನಿಗೆ ಆಗ ಹೊಳೆಯಿತು. ಆ ಮೂವರಲ್ಲಿ ಯಾರ ಗುಟ್ಟೋ. ಇನ್ನು ಅಮ್ಮ ಅವರ ನಡುವೆ ತಲೆಯೆತ್ತುವುದು ಹೇಗೆ?

ಗುಂಡಿ ಒತ್ತದೆಯೇ ಬಾರಿಸಿದ. ಹತ್ತು ನಿಮಿಷ ತನಗೆ ಗೊತ್ತಿದ್ದದ್ದನ್ನೆಲ್ಲ ಬಾರಿಸಿದ. ಒಬ್ಬ ಮುದುಕ ಎದ್ದು ಊಟದ ಕಡೆ ನಡೆದ, ಇನ್ನೊಬ್ಬ ಹಿಂಬಾಲಿಸಿದ. ಇಪ್ಪತ್ತೆರಡು ವರ್ಷ ಕಾದದ್ದು ಬೋಟಿ ಸಾರಿನ ಪಾಲಾಗುವುದನ್ನು ಅವನಿಗೆ ನೋಡಲಾಗಲಿಲ್ಲ. ಕಣ್ಣು ಮುಚ್ಚಿ ಗುಂಡಿ ಒತ್ತಿದ.

ದಿಂಬಿನ ಬಡಿತ ಅಂಗಳ ತುಂಬಿತು. ಊಟಕ್ಕೆ ಹೊರಟವರು ತಿರುಗಿ ನಿಂತರು. ಬಡಿತದ ಅಡಿಯಿಂದ ದನಿಯೊಂದು ಸ್ಪಷ್ಟವಾಗಿ ಎದ್ದಿತು: "ದೇವರೇ, ನನ್ನ ಮಗ ಎಲ್ಲದಕ್ಕೂ ಹೆದರ್ತಾನೆ."

ಅಮ್ಮನದೇ ದನಿ. ಲೆಸಿಬಾನ ಕೈ ನಿಂತುಹೋಯಿತು. ಯಂತ್ರ ನಿಲ್ಲಲಿಲ್ಲ. ನನ್ನ ಮಗ ಎಲ್ಲದಕ್ಕೂ ಹೆದರ್ತಾನೆ, ಎಲ್ಲದಕ್ಕೂ ಹೆದರ್ತಾನೆ ಎಂದು ಸುತ್ತಿ ಸುತ್ತಿ ಊರಿಗೆಲ್ಲ ಸಾರಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ರೈಸಿಬೆ ಎದ್ದು ನೇರ ಅವನ ಬಳಿ ಬಂದಳು. ತಂತಿ ಕಿತ್ತೆಸೆಯುತ್ತಾಳೆ ಎಂದುಕೊಂಡು ಅವನು ತಲೆ ತಗ್ಗಿಸಿದ.

"ಕೇಳದೇ ಕದ್ದಿದ್ದಕ್ಕೆ ಮನೇಲಿ ವಿಚಾರಿಸ್ಕೋತೀನಿ" ಎಂದಳು ಅವಳು. "ಅರ್ಧಕ್ಕೇ ಯಾಕೋ ಕತ್ತರಿಸ್ದೆ? ಆಮೆನ್ ಇಲ್ದೆ ಪ್ರಾರ್ಥನೆ ಹಿಂಗೇ ಬಾಯ್ ಬಿಟ್ಕೊಂಡು ಕೂತಿರುತ್ತೆ."

"ನಾನು ಬಡಿತ ನೋಡಿ ಕತ್ತರಿಸ್ದೆ, ಅಮ್ಮಾ. ಮಾತು ಕೇಳಿಸ್ಲಿಲ್ಲ." ಅವನು ತಲೆ ಎತ್ತಿದ. "ಆಮೇಲೆ ಏನಂತ ಕೇಳ್ಕೊಂಡೆ?"

"ಹೆದರ್ಕೊಂಡೇ ಬಾರಿಸ್ಲಿ, ನಿಲ್ಲಿಸ್ದೇ ಇರ್ಲಿ ಅಂತ."

ಅವಳು ಯಂತ್ರದ ಪಕ್ಕದಲ್ಲೇ ನಿಂತಳು. ದನಿ ಮತ್ತೆ ಸುತ್ತಿ ಬಂದಾಗ "ಆಮೆನ್" ಎಂದಳು, ತಾಳಕ್ಕಿಂತ ಒಂದು ಚೂರು ತಡವಾಗಿ. ಹಿಂದಿನಿಂದ ಆ ಮೂವರೂ ಅಂದರು. ಲೆಸಿಬಾ ಕಡ್ಡಿ ಎತ್ತಿದ. ಹೆದರಿಕೆ ಹೋಗಿರಲಿಲ್ಲ. ಯಂತ್ರವನ್ನು ಅದರ ಪಾಡಿಗೆ ಬಿಟ್ಟು, ಅವಳ ತಡವಾದ ಆಮೆನ್‌ಗಾಗಿ ಕಾದು, ಅದರ ಮೇಲೆಯೇ ಏಟು ಹಾಕಿದ.